ಜ್ವರ ಇಳಿದದ್ದು ಯಾರಿಂದ? ಮಂಗನ ಕಾಯಿಲೆ ಸೀಮೆಯ ಒಂದು ಸಂಸ್ಥೆಯ ಪ್ರಕರಣ ಅಧ್ಯಯನ

ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ತಾಲ್ಲೂಕೊಂದರಲ್ಲಿ ಕೆಲಸ ಮಾಡುವ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದರ ಸಂಗತಿ ಇದು. ಸಂಸ್ಥೆ, ಊರುಗಳು, ಹಣ ಕೊಟ್ಟ ಕಂಪನಿ, ಯಾರ ಹೆಸರೂ ಇಲ್ಲಿಲ್ಲ. ಎಷ್ಟು ಜನರಿಗೆ ಕಾಯಿಲೆ ಬಂತು ಎಂಬ ಸಂಖ್ಯೆಯನ್ನೂ ಬೇಕೆಂದೇ ಬಿಟ್ಟಿದ್ದೇನೆ. ಮಂಗನ ಕಾಯಿಲೆಯ ಲೆಕ್ಕ ಬರೆದರೆ ಯಾವ ಊರು, ಯಾವ ವರ್ಷ ಎಂದು ಈ ಭಾಗದವರು ನಿಂತಲ್ಲೇ ಹೇಳಿಬಿಡುತ್ತಾರೆ. ಸಂಸ್ಥೆಯ ಕೆಲಸದಿಂದ ಏನಾಯಿತು ಎಂದು ಅಳೆಯುವುದಕ್ಕೆ ನೆರವಾಗಲು ಅವರು ನನ್ನನ್ನು ಕರೆದಿದ್ದರು.

ಹಿನ್ನೆಲೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರವರು ಜ್ವರ ಹಿಡಿದು ಮಲಗಿದರು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಕಾಡಿನ ಹೆಸರೇ ಈ ಕಾಯಿಲೆಗೆ ನಿಂತಿದೆ. ನಮಗೆ ಮಾತ್ರ ಇದು ಮಂಗನ ಕಾಯಿಲೆ. ವೈರಸ್ ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇ ತನಕ, ಕಾಡಿನ ನೆಲದಲ್ಲಿ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಉಣುಗಿನ ಮರಿಗಳು ಹೆಚ್ಚಿರುವಾಗ, ಕಾಯಿಲೆಯ ಕಾಲ. ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಒಣಗಿದ ಎಲೆ, ಗುಡಿಸುವವರು, ಸೊಪ್ಪು ಕಡಿಯುವವರು, ಸೌದೆ ತರುವವರು ಕಾಡಿಗೆ ಇಳಿಯುವುದೂ ಆಗಲೇ. ಜ್ವರ ಬಂದ ನೂರು ಜನರಲ್ಲಿ 3ರಿಂದ 5 ಜನ ಉಳಿಯುವುದಿಲ್ಲ. ಇದಕ್ಕೆಂದೇ ಮದ್ದಿಲ್ಲ. ರಕ್ತಸ್ರಾವ, ನಿರ್ಜಲೀಕರಣ ಇವನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವುದೇ ಚಿಕಿತ್ಸೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯೂ ಇತ್ತೀಚಿನ ವರ್ಷಗಳಲ್ಲಿ ನಿಂತಿರುವುದರಿಂದ ಮೈಗೆ ಎಣ್ಣೆ, ಮೈತುಂಬ ಬಟ್ಟೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಜ್ವರ ಬಂದರೆ ತಕ್ಷಣ ರಕ್ತ ಪರೀಕ್ಷೆ, ಇಷ್ಟೇ ಕೈಯಲ್ಲಿರುವುದು.

ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018-19ರ ಹಂಗಾಮಿನಲ್ಲಿ ಕಾಯಿಲೆ ಉಲ್ಬಣಿಸಿ ಸಾವುಗಳಾದ ಮೇಲೆ ಜಿಲ್ಲೆಯಲ್ಲಿ ಹಲವರು ಈ ಕೆಲಸಕ್ಕೆ ಕೈಹಾಕಿದರು. ಈ ಸಂಸ್ಥೆಯೂ ಅವರಲ್ಲೊಂದು. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಮೂರು ವರ್ಷಕ್ಕೆ ಸಿಕ್ಕಿತ್ತು. ಉಣುಗು ಮೈಗೆ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಮನೆಮನೆಗೆ ಮುಟ್ಟಿಸುವುದು, ಬೀದಿನಾಟಕ, ಕರಪತ್ರ, ಶಾಲೆಗಳಲ್ಲಿ ಮಾತು, ಊರ ಸಭೆ, ಇವು ಅವರ ಕೆಲಸ. ಕ್ಷೇತ್ರದಲ್ಲಿ ಓಡಾಡುವವರು ಇಬ್ಬರೇ ಹೆಣ್ಣುಮಕ್ಕಳು, ಒಂದು ಸ್ಕೂಟರ್.

ಸಮಸ್ಯೆ

ಎರಡನೇ ವರ್ಷದ ವರದಿ ಬಹಳ ಚೆನ್ನಾಗಿತ್ತು. ಸಂಸ್ಥೆ ಕೆಲಸ ಮಾಡಿದ ಊರುಗಳಲ್ಲಿ ಪ್ರಕರಣಗಳು ಹಿಂದಿನ ಹಂಗಾಮಿನ ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ಬಣ್ಣದ ಕಂಬಗಳ ಚಿತ್ರ, ಒಂದು ಎತ್ತರ, ಒಂದು ಕುಳ್ಳ. ಆಡಳಿತ ಮಂಡಳಿಯ ಸಭೆಯಲ್ಲಿ ಎಲ್ಲರೂ ಸಂತೋಷಪಟ್ಟರು, ಒಬ್ಬರನ್ನು ಬಿಟ್ಟು. ಅವರು ಆರೋಗ್ಯ ಇಲಾಖೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಹೊಗಳಿಕೆಯೆಲ್ಲ ಮುಗಿಯಲಿ ಎಂದು ಕಾದು ಕೇಳಿದರು: “ಹೊಳೆಯಾಚೆ ನಾವು ಕಾಲಿಡದ ಊರುಗಳಲ್ಲೂ ಇಳಿದಿದೆಯಲ್ಲ, ಅದು ಯಾರ ಪುಣ್ಯ?”

ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಹೊಳೆಯಾಚೆಯ ಲೆಕ್ಕ ತೆಗೆದು ನೋಡಿದರೆ ಅವರು ಹೇಳಿದ್ದು ನಿಜ. ಆ ವರ್ಷ ತಾಲ್ಲೂಕಿನ ಉದ್ದಗಲಕ್ಕೂ ಕಾಯಿಲೆ ತಗ್ಗಿತ್ತು.

ಅದಕ್ಕಿಂತ ಗಟ್ಟಿಯಾದ ತೊಡಕು ಊರುಗಳನ್ನು ಆರಿಸಿಕೊಂಡ ಕ್ರಮದಲ್ಲೇ ಇತ್ತು. ಹಿಂದಿನ ವರ್ಷ ಎಲ್ಲಿ ಹೆಚ್ಚು ಜನಕ್ಕೆ ಜ್ವರ ಬಂದಿತ್ತೋ ಆ ಊರುಗಳನ್ನೇ ಸಂಸ್ಥೆ ಹಿಡಿದಿತ್ತು. ಯಾರೇ ಆದರೂ ಹಾಗೆಯೇ ಮಾಡುತ್ತಾರೆ, ಮಾಡಬೇಕಾದದ್ದೂ ಹೌದು. ಆದರೆ ಹಾಗೆ ಆರಿಸಿದ ಊರುಗಳಲ್ಲಿ ಮುಂದಿನ ವರ್ಷ ಸಂಖ್ಯೆ ಇಳಿಯುವುದು ಯಾರೂ ಏನೂ ಮಾಡದಿದ್ದರೂ ಬಹುಮಟ್ಟಿಗೆ ನಡೆಯುವಂಥದ್ದೇ. ಮಂಗನ ಕಾಯಿಲೆ ಒಂದೇ ಕಡೆ ಕೂರುವುದಿಲ್ಲ. ಒಂದು ಕಾಡಿನಲ್ಲಿ ಮಂಗಗಳು ಸತ್ತು ಕಡಿಮೆಯಾದವು, ಜ್ವರ ಬಂದು ಗುಣವಾದವರ ಮೈಯಲ್ಲಿ ಪ್ರತಿರೋಧ ಬಂತು ಎಂದಮೇಲೆ ಅಲ್ಲಿ ಅದರ ಆರ್ಭಟ ತಗ್ಗಿ ಬೇರೆಡೆ ಏಳುತ್ತದೆ. ಸಂಸ್ಥೆಯ ಸ್ಕೂಟರ್ ಪ್ರತಿ ವರ್ಷ ಹೋದ ವರ್ಷದ ಬೆಂಕಿಯ ಹಿಂದೆ ಹೋಗುತ್ತಿತ್ತು, ಬೂದಿ ಕಂಡು ನಾವೇ ಆರಿಸಿದೆವು ಎಂದುಕೊಳ್ಳುತ್ತಿತ್ತು.

ಇನ್ನು ಸಂಖ್ಯೆಯ ಸಣ್ಣತನ. ಇದನ್ನು ಮಂಡಳಿಗೆ ಅರ್ಥಮಾಡಿಸಲು ಒಂದು ಕಲ್ಪಿತ ಲೆಕ್ಕ ಹಾಕಿ ತೋರಿಸಬೇಕಾಯಿತು. ಒಂದು ಪಂಚಾಯಿತಿಯಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಜನಕ್ಕೆ ಕಾಯಿಲೆ ಬರುತ್ತದೆ, ಒಬ್ಬರಿಗೆ ಬಂದದ್ದಕ್ಕೂ ಇನ್ನೊಬ್ಬರಿಗೆ ಬಂದದ್ದಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ಪರಿಸ್ಥಿತಿ ಒಂದಿಷ್ಟೂ ಬದಲಾಗದಿದ್ದರೂ ಎರಡು ಅಥವಾ ಅದಕ್ಕಿಂತ ಕಡಿಮೆ ಪ್ರಕರಣ ಬರುವ ಸಾಧ್ಯತೆ ನೂರಕ್ಕೆ ಸುಮಾರು 24. ಅಂದರೆ ನಾಲ್ಕು ವರ್ಷಕ್ಕೊಮ್ಮೆ, ಬರೀ ಅದೃಷ್ಟದಿಂದ, ‘ಅರ್ಧಕ್ಕೆ ಇಳಿಸಿದೆವು’ ಎಂದು ವರದಿ ಬರೆಯಬಹುದು. ನಿಜದಲ್ಲಿ ಈ ಕಾಯಿಲೆ ಒಂದೇ ಕೇರಿಯಲ್ಲಿ ಗುಂಪಾಗಿ ಬರುವುದರಿಂದ ಏರಿಳಿತ ಇನ್ನೂ ಹೆಚ್ಚು. ಹಳೆಯ ಲಸಿಕೆಯ ಪರಿಣಾಮ ಕಂಡುಹಿಡಿಯಲು ಸಂಶೋಧಕರಿಗೆ 2005ರಿಂದ 2010ರ ತನಕದ ಹಲವು ಹಂಗಾಮುಗಳ ದಾಖಲೆ ಬೇಕಾಯಿತು. ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇ. 62, ಬೂಸ್ಟರನ್ನೂ ಪಡೆದವರಲ್ಲಿ ಸುಮಾರು ಶೇ. 83ರಷ್ಟು ರಕ್ಷಣೆ ಎಂದು ಅವರು ಹೇಳಲು ಆದದ್ದು ಅಷ್ಟು ದೊಡ್ಡ ಲೆಕ್ಕದಿಂದ. ಒಂದು ಸ್ಕೂಟರ್ ಓಡಾಡುವಷ್ಟು ಊರುಗಳಲ್ಲಿ ಆ ಮಟ್ಟದ ಉತ್ತರ ಸಿಗುವುದಿಲ್ಲ.

ಮಂಡಳಿಯ ಇನ್ನೊಬ್ಬ ಹಿರಿಯರಿಗೆ ಇದು ಹಿಡಿಸಲಿಲ್ಲ. “ಹಾಗಾದ್ರೆ ನಾವು ಇಷ್ಟು ದಿನ ಮಾಡಿದ್ದು ಸುಮ್ನೆಯಾ?” ಎಂದರು. ಸುಮ್ಮನೆಯೋ ಅಲ್ಲವೋ ಎಂದು ಈ ಕಂಬದ ಚಿತ್ರ ಹೇಳಲಾರದು, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸ ಸಭೆಗೆ ಒಪ್ಪಿಗೆಯಾಗಲು ಮಧ್ಯಾಹ್ನ ಕಳೆಯಿತು.

ಮಾಡಿ ನೋಡಿದ್ದು

ಮೊದಲು ಹೊಳೆದದ್ದು ಪ್ರಶ್ನಾವಳಿ. ಉಣುಗು ಎಲ್ಲಿರುತ್ತದೆ, ಎಣ್ಣೆ ಯಾವಾಗ ಹಚ್ಚಬೇಕು, ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕು. ಬಹುತೇಕ ಎಲ್ಲರೂ ಎಲ್ಲವನ್ನೂ ಸರಿಯಾಗಿ ಹೇಳಿದರು. ಆರು ದಶಕಕ್ಕಿಂತ ಹೆಚ್ಚು ಕಾಲ ಈ ಕಾಯಿಲೆಯ ಜೊತೆ ಬದುಕಿದ ಸೀಮೆ ಇದು, ತಿಳಿವಳಿಕೆಯ ಕೊರತೆ ಎಂಬುದು ಹೊರಗಿನವರ ಊಹೆಯೇ ಹೆಚ್ಚು. “ಕಾಡಿಗೆ ಹೋಗೋವಾಗ ಎಣ್ಣೆ ಹಚ್ಕೋತೀರಾ ಅಕ್ಕಾ?” ಎಂದು, ಆ ಎಣ್ಣೆಯನ್ನು ತಾನೇ ತಂದುಕೊಟ್ಟ ಹುಡುಗಿ ಕೇಳಿದರೆ “ಹೂಂ ತಂಗಿ, ದಿನಾ” ಎಂಬ ಉತ್ತರವಲ್ಲದೆ ಇನ್ನೇನು ಬಂದೀತು? ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸುವ ಮನೆಗಳಲ್ಲಿ ಮುಖಕ್ಕೆ ಇಲ್ಲ ಎನ್ನುವವರು ಕಡಿಮೆ.

ಮಾತು ಬೇಡ, ಬಾಟಲಿ ನೋಡೋಣ ಎಂದು ಹೊರಟರು. ಹೊಸ ಹಂಗಾಮಿಗೆ ಮೊದಲು, ನವೆಂಬರ್‌ನಲ್ಲಿ, ಹಿಂದಿನ ಡಿಸೆಂಬರ್‌ನಲ್ಲಿ ಕೊಟ್ಟ ಬಾಟಲಿಗಳಲ್ಲಿ ಎಷ್ಟು ಉಳಿದಿದೆ ಎಂದು ಮನೆಮನೆಗೆ ಹೋಗಿ ನೋಡಿದರು. ಹೆಚ್ಚಿನವು ಖಾಲಿ. ಕಚೇರಿಯಲ್ಲಿ ಮತ್ತೆ ಉತ್ಸಾಹ. ಅದು ಉಳಿದದ್ದು ಒಬ್ಬ ಹೆಂಗಸು ಮೆಚ್ಚುಗೆಯಿಂದಲೇ ಒಂದು ಮಾತು ಹೇಳುವ ತನಕ: “ಇಂಬಳಕ್ಕೆ ಭಾರಿ ಚಲೋ ಆತು ಕಣೇ ತಂಗಿ. ನೆಟ್ಟಿ ಮುಗಿಯೋದ್ರೊಳಗೆ ಬಾಟ್ಲಿ ಖಾಲಿ.” ಉಣುಗಿಗೆಂದು ಕೊಟ್ಟ ಎಣ್ಣೆ ಬೇಸಿಗೆ ಪೂರ್ತಿ ಗೋಡೆಯ ಮಾಡದಲ್ಲಿ ಕುಳಿತು, ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ತಡೆಯಲು ಗದ್ದೆಗೆ ಇಳಿದಿತ್ತು. ಬೇರೆ ಮನೆಗಳಲ್ಲಿ ವಿಚಾರಿಸಿದಾಗ ಇದು ಒಬ್ಬರ ಕಥೆಯಲ್ಲ ಎಂದು ಗೊತ್ತಾಯಿತು. ನನಗೆ ಇದರಲ್ಲಿ ಬೇಸರಕ್ಕಿಂತ ಮೆಚ್ಚುಗೆಯೇ ಹೆಚ್ಚು. ಜನ ತಮಗೆ ನಿಜವಾಗಿ ಕಾಡುವುದು ಯಾವುದೋ ಅದಕ್ಕೆ ವಸ್ತುವನ್ನು ಬಳಸಿಕೊಂಡಿದ್ದರು. ಆದರೆ ಖಾಲಿ ಬಾಟಲಿಯನ್ನು ಮಂಗನ ಕಾಯಿಲೆಯ ಲೆಕ್ಕಕ್ಕೆ ಬರೆಯುವಂತಿರಲಿಲ್ಲ.

ಇಷ್ಟಾದ ಮೇಲೆ ಮಂಡಳಿ ಎರಡು ತೀರ್ಮಾನಕ್ಕೆ ಬಂತು. ಒಂದು, ಎಷ್ಟು ಜನಕ್ಕೆ ಕಾಯಿಲೆ ಬಂತು ಎಂಬುದನ್ನು ದಾಖಲಿಸೋಣ, ಆದರೆ ಅದರ ಮೇಲೆ ನಮ್ಮ ಯಶಸ್ಸನ್ನು ನಿಲ್ಲಿಸುವುದು ಬೇಡ. ಅದರ ಬದಲು ಕಾಯಿಲೆಗೂ ನಮ್ಮ ಕೆಲಸಕ್ಕೂ ನಡುವೆ ಇರುವ, ಕಣ್ಣಿಗೆ ಕಾಣುವ ಎರಡು ಕೊಂಡಿಗಳನ್ನು ಅಳೆಯೋಣ: ಕಾಡಿನಿಂದ ಬರುವವರು ಆ ಬೆಳಿಗ್ಗೆ ಎಣ್ಣೆ ಹಚ್ಚಿದ್ದರೇ, ಜ್ವರ ಶುರುವಾದ ದಿನಕ್ಕೂ ರಕ್ತದ ಮಾದರಿ ಕೊಟ್ಟ ದಿನಕ್ಕೂ ಎಷ್ಟು ಅಂತರ. ಎರಡನೆಯದು ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆಯಲ್ಲೇ ಇರುತ್ತದೆ. ಮಾದರಿ ಶಿವಮೊಗ್ಗದ ವೈರಸ್ ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗುವಾಗ ಈ ಎರಡೂ ದಿನಾಂಕ ಬರೆದೇ ಹೋಗುತ್ತವೆ. ವೈದ್ಯಾಧಿಕಾರಿಗಳ ಅನುಮತಿ ಪಡೆದು, ಹೆಸರು ವಿಳಾಸ ಬಿಟ್ಟು, ದಿನಾಂಕ ಮತ್ತು ಊರು ಮಾತ್ರ ತೆಗೆದುಕೊಂಡರು.

ಎರಡನೇ ತೀರ್ಮಾನ, ಕೆಲಸ ನಡೆದ ಊರುಗಳನ್ನು ನಡೆಯದ ಊರುಗಳೊಂದಿಗೆ ಹೋಲಿಸುವುದು. ಇದರ ಮೇಲೆ ಜಗಳವೇ ಆಯಿತು. ಹೋಲಿಸಲು ಬೇರೆ ಊರುಗಳು ಬೇಕಲ್ಲ? ಕೆಲವು ಊರಿಗೆ ಕೆಲಸ ಮಾಡಿ ಕೆಲವನ್ನು ಸುಮ್ಮನೆ ನೋಡುತ್ತ ಕೂರುವುದೇ, ಅದೂ ಜೀವ ಹೋಗುವ ಕಾಯಿಲೆಯಲ್ಲಿ? ಆಕ್ಷೇಪ ಸರಿಯಾದದ್ದೇ. ಉತ್ತರ ಸಿಕ್ಕಿದ್ದು ಸ್ಕೂಟರ್‌ನಿಂದ. ಇಬ್ಬರೇ ಕಾರ್ಯಕರ್ತೆಯರು ಎಲ್ಲ ಊರನ್ನೂ ಒಂದೇ ತಿಂಗಳಲ್ಲಿ ಮುಟ್ಟಲಾರರು. ಪ್ರತಿ ವರ್ಷ ಅರ್ಧ ಊರುಗಳ ಸರದಿ ಬರುತ್ತಿದ್ದದ್ದು ಹೇಗೂ ಫೆಬ್ರವರಿಯಲ್ಲೇ. ಯಾವ ಊರು ಮೊದಲು ಎಂಬುದನ್ನು ಇದುವರೆಗೆ ನಿರ್ಧರಿಸುತ್ತಿದ್ದದ್ದು ರಸ್ತೆ, ಪರಿಚಯ, ಯಾರ ಫೋನು ಹೆಚ್ಚು ಬರುತ್ತದೆ ಎಂಬುದು. ಈ ಸಲ ಚೀಟಿ ಎತ್ತೋಣ, ಮೊದಲ ಗುಂಪಿನ ಊರುಗಳಿಗೆ ಡಿಸೆಂಬರ್‌ನಲ್ಲಿ, ಎರಡನೇ ಗುಂಪಿಗೆ ಫೆಬ್ರವರಿಯಲ್ಲಿ ಹೋಗೋಣ ಎಂದರು. ಸರ್ಕಾರದ ಎಣ್ಣೆ, ಆಶಾ ಕಾರ್ಯಕರ್ತೆಯರ ಭೇಟಿ, ಆಸ್ಪತ್ರೆ ಎಲ್ಲರಿಗೂ ಎಂದಿನಂತೆ. ಸಂಸ್ಥೆಯ ಹೆಚ್ಚುವರಿ ಕೆಲಸವಷ್ಟೇ ಹಿಂದೆ ಮುಂದೆ. ಮೊದಲ ಗುಂಪಿನಲ್ಲಿ ಬರದ ಊರಿನ ಪಂಚಾಯಿತಿ ಸದಸ್ಯರೊಬ್ಬರು ಕಚೇರಿಗೇ ಬಂದು ರೇಗಿದರು. ಅವರ ಎದುರಿಗೇ ಚೀಟಿಗಳ ಡಬ್ಬಿ ಇಟ್ಟು ಎಲ್ಲವನ್ನೂ ವಿವರಿಸಿದ ಮೇಲೆ “ಹಂಗಾದ್ರೆ ಸರಿ, ಪಕ್ಕದೂರಿನವ್ರು ಹೇಳಿ ಮಾಡ್ಸಿದ್ದಲ್ಲ ಅಲ್ವಾ” ಎಂದು ಎದ್ದರು. ನ್ಯಾಯದ ಪ್ರಶ್ನೆ ಅವರಿಗಿದ್ದದ್ದು ಅಷ್ಟೇ.

ನೋಡುವ ಕೆಲಸವನ್ನು ಸಂಸ್ಥೆಯವರಿಗೆ ಕೊಡಲಿಲ್ಲ. ನರ್ಸಿಂಗ್ ವಿದ್ಯಾರ್ಥಿನಿಯರು, ಯಾವ ಊರು ಯಾವ ಗುಂಪಿನದು ಎಂದು ತಿಳಿಯದೆ, ಚೀಟಿಯಿಂದಲೇ ಆರಿಸಿದ ದಿನಗಳಲ್ಲಿ ಕಾಡಿನ ದಾರಿ ಊರಿಗೆ ಸೇರುವ ಕಡೆ ನಿಂತರು. ದರಕಿನ ಹೊರೆ ಹೊತ್ತು ಬರುವವರನ್ನು ನಿಲ್ಲಿಸಿ ಎರಡೇ ಪ್ರಶ್ನೆ, ಒಂದು ಗಮನಿಕೆ: ಕಾಲು ಮುಚ್ಚಿದೆಯೇ, ಎಣ್ಣೆಯ ವಾಸನೆ ಇದೆಯೇ.

ಕಂಡದ್ದು

ಎಣ್ಣೆಯ ವಿಷಯದಲ್ಲಿ ಸಂಸ್ಥೆಗೆ ಏಟೇ ಬಿತ್ತು. ಮೊದಲ ಗುಂಪಿನ ಊರುಗಳಲ್ಲಿ ಡಿಸೆಂಬರ್‌ನಲ್ಲಿ ಅಲ್ಪಸ್ವಲ್ಪ ಹೆಚ್ಚು ಜನ ಹಚ್ಚಿದ್ದರು. ಜನವರಿ ಕಳೆಯುವ ಹೊತ್ತಿಗೆ ಎರಡೂ ಗುಂಪು ಒಂದೇ. ಕಾರಣ ಕೇಳಿದಾಗ ಸಿಕ್ಕ ಉತ್ತರಗಳು ಯಾವ ಪ್ರಶ್ನಾವಳಿಯಲ್ಲೂ ಬಂದಿರಲಿಲ್ಲ. ಬೆವರಿನ ಜೊತೆ ಇಳಿದು ಕಣ್ಣುರಿ. ಹೊರೆ ಹೊರುವಾಗ ಕೈ ಜಾರುತ್ತದೆ. ಎಣ್ಣೆಗೆ ದೂಳು ಮೆತ್ತಿ ಮೈಯೆಲ್ಲ ಅಂಟು. ಇನ್ನೊಂದು ಉತ್ತರ ಮುಖ್ಯವಾದದ್ದು: “ಮೀಟಿಂಗಿಗೆ ಹೋದೋರು ನಮ್ಮನೆಯವ್ರು, ದರಕಿಗೆ ಹೋಗೋಳು ನಾನು.”

ಊರ ಸಭೆ ನಡೆಯುತ್ತಿದ್ದದ್ದು ಡಿಸೆಂಬರ್ ಸಂಜೆಗಳಲ್ಲಿ. ಅಡಿಕೆ ಕೊಯ್ಲಿನ ನಟ್ಟನಡುವೆ. ಆ ಹೊತ್ತಿಗೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯ ತನಕ ಅಡಿಕೆ ಸುಲಿಯುತ್ತಿರುತ್ತಾರೆ. ಸಭೆಗೆ ಬರುತ್ತಿದ್ದದ್ದು ಗಂಡಸರು, ಅದರಲ್ಲೂ ಕಾಡಿಗೆ ಹೋಗದವರು. ಹಾಜರಿ ಪುಸ್ತಕದಲ್ಲಿ ಸಹಿಗಳು ತುಂಬಿದ್ದರಿಂದ ಎರಡು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಜ್ವರದಿಂದ ಪರೀಕ್ಷೆಯ ತನಕದ ಅಂತರದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಇತ್ತು. ಮೊದಲ ಗುಂಪಿನ ಊರುಗಳಿಂದ ಜನ ಬೇಗ ಬರುತ್ತಿದ್ದರು. ಎರಡನೇ ಗುಂಪಿನಲ್ಲಿ ಮೆಡಿಕಲ್ ಶಾಪಿನ ಮಾತ್ರೆ, ಮನೆ ಕಷಾಯ ಎಂದು ದಿನ ಕಳೆದು, ಸುಸ್ತಾಗಿ ಏಳಲಾಗದ ಮೇಲೆ ಬರುವುದು ಹೆಚ್ಚು. ಕಾರ್ಯಕರ್ತೆಯರು ಮನೆಗಳಲ್ಲಿ ಅಷ್ಟೇನೂ ಮಹತ್ವ ಕೊಡದೆ ಹೇಳುತ್ತಿದ್ದ ಒಂದು ಮಾತು, ‘ಕಾಡಿಗೆ ಹೋದವರಿಗೆ ಜ್ವರ ಬಂದರೆ ಎರಡನೇ ದಿನ ಕಾಯಬೇಡಿ, ನಮಗೊಂದು ಫೋನ್ ಮಾಡಿ’, ಅದೇ ಕೆಲಸ ಮಾಡಿತ್ತು. ಫೋನ್ ಬಂದರೆ ಅವರು ಆಶಾ ಕಾರ್ಯಕರ್ತೆಗೆ ತಿಳಿಸಿ ಗಾಡಿ ಹೊಂದಿಸುತ್ತಿದ್ದರು. ಯೋಜನೆಯ ಕಾಗದದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ, ಬಜೆಟ್ಟೂ ಇರಲಿಲ್ಲ.

ಆ ಹಂಗಾಮಿನಲ್ಲೇ ಪಕ್ಕದ ತಾಲ್ಲೂಕಿನ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಜನ ಬೇಗ ಬಂದದ್ದು ಆ ಹೆದರಿಕೆಗೆ ಎಂದು ಒಬ್ಬರು ಹೇಳಿದರು. ಒಂದೇ ಊರಿನ ಹಿಂದಿನ ವರ್ಷ, ಈ ವರ್ಷ ಎಂದು ಹೋಲಿಸಿದ್ದರೆ ಈ ಮಾತಿಗೆ ಉತ್ತರವೇ ಇರುತ್ತಿರಲಿಲ್ಲ. ಪತ್ರಿಕೆ ಎರಡೂ ಗುಂಪಿನ ಊರಿಗೆ ಬರುತ್ತದೆ, ಹೆದರಿಕೆಯೂ ಅಷ್ಟೇ. ಹಾಗಿದ್ದೂ ಅಂತರ ಉಳಿದಿದೆ ಎಂದರೆ ಉಳಿದದ್ದಕ್ಕೆ ಬೇರೆ ಕಾರಣ ಬೇಕು. ಸಂತೆಯಲ್ಲಿ, ಮದುವೆಮನೆಯಲ್ಲಿ ಮಾತು ಒಂದೂರಿನಿಂದ ಇನ್ನೊಂದೂರಿಗೆ ದಾಟುವುದರಿಂದ ಕಂಡ ವ್ಯತ್ಯಾಸ ನಿಜಕ್ಕಿಂತ ಕಡಿಮೆಯೇ ಇರಬಹುದು. ಆದರೆ ಹೋಲಿಕೆ ನಡೆದದ್ದು ಡಿಸೆಂಬರ್, ಜನವರಿ ಎರಡೇ ತಿಂಗಳು, ಜ್ವರದ ಮಾದರಿಗಳೂ ಸಾವಿರಾರಲ್ಲ. ಮೊದಲ ಗುಂಪಿನ ಒಂದೆರಡು ಊರಿಗೆ ಅದೇ ಹೊತ್ತಿಗೆ ಹೊಸ, ಚುರುಕಾದ ಆಶಾ ಕಾರ್ಯಕರ್ತೆಯರು ಬಂದಿದ್ದರು. ಅವರ ಪಾಲನ್ನು ಬೇರ್ಪಡಿಸಲು ಆಗಲಿಲ್ಲ.

ಇದರ ಜೊತೆಗೇ ಬಂದ ಇನ್ನೊಂದು ಸಂಖ್ಯೆ ಎಲ್ಲರನ್ನೂ ಕಂಗೆಡಿಸಿತು. ಖಚಿತಪಟ್ಟ ಪ್ರಕರಣಗಳು ಮೊದಲ ಗುಂಪಿನಲ್ಲಿ ಕಡಿಮೆ ಇರಲಿಲ್ಲ, ಸ್ವಲ್ಪ ಹೆಚ್ಚೇ ಇದ್ದವು. ಹೆಚ್ಚು ಜನ ಬೇಗ ಬಂದು ಪರೀಕ್ಷೆ ಮಾಡಿಸಿಕೊಂಡರೆ, ಮೊದಲು ಬರೀ ಜ್ವರ ಎಂದು ಮನೆಯಲ್ಲೇ ವಾಸಿಯಾಗುತ್ತಿದ್ದವರೂ ಪಟ್ಟಿಗೆ ಸೇರುತ್ತಾರೆ. ಕೆಲಸ ಚೆನ್ನಾಗಿ ನಡೆದಷ್ಟೂ ಅಂಕಿ ಕೆಟ್ಟದಾಗಿ ಕಾಣುತ್ತದೆ. ಹಳೆಯ ಕಂಬದ ಚಿತ್ರವನ್ನೇ ಮಾನದಂಡವಾಗಿ ಇಟ್ಟುಕೊಂಡಿದ್ದರೆ ಆ ವರ್ಷ ಸಂಸ್ಥೆ ತನ್ನ ಒಂದೇ ಒಂದು ಉಪಯುಕ್ತ ಕೆಲಸವನ್ನು ನಿಲ್ಲಿಸಿಬಿಡುತ್ತಿತ್ತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಬೇರೆಯವರು ಗಮನಿಸಬೇಕಾದ ಜಾಗ ಇದೇ. ಕೆಲಸವೇ ಎಣಿಕೆಯನ್ನು ಬದಲಿಸುವಂತಿದ್ದರೆ, ಆ ಎಣಿಕೆಯಿಂದ ಕೆಲಸವನ್ನು ತೂಗಲಾಗದು. ಬಾಲ್ಯವಿವಾಹ ತಡೆಯುವವರು, ಮನೆಯೊಳಗಿನ ಹೊಡೆತದ ವಿರುದ್ಧ ದುಡಿಯುವವರು, ಕ್ಷಯದ ಸಮೀಕ್ಷೆ ಮಾಡುವವರು ಎಲ್ಲರಿಗೂ ಈ ತೊಡಕು ಎದುರಾಗುತ್ತದೆ. ದೂರು ಹೆಚ್ಚಿದರೆ ಪಿಡುಗು ಹೆಚ್ಚಿತೋ, ಬಾಯಿ ಬಿಡುವ ಧೈರ್ಯ ಹೆಚ್ಚಿತೋ ಎಂಬುದನ್ನು ಬೇರೆಯದೇ ದಾರಿಯಲ್ಲಿ ನೋಡಬೇಕು.

ವರದಿ ಮತ್ತು ಅದರ ಬೆಲೆ

ವರದಿ ಹೇಗೆ ಬರೆಯುವುದು? ಅನುದಾನದ ಮೂರನೇ ವರ್ಷ ಮುಗಿಯುತ್ತಿತ್ತು. ಕರಡಿನ ಮೇಲೆ ಮಂಡಳಿಯಲ್ಲಿ ಎರಡು ಪಂಗಡ. ಎಣ್ಣೆಯ ಸಂಗತಿ ಬಿಟ್ಟು ಪರೀಕ್ಷೆಯ ಸಂಗತಿ ಮಾತ್ರ ಬರೆಯೋಣ ಎಂದು ಕೆಲವರು. ಎಲ್ಲ ಬರೆಯೋಣ ಎಂದವರು ಗೆದ್ದದ್ದು ತತ್ತ್ವದ ಬಲದಿಂದಲ್ಲ. ಕಂಪನಿಯವರು ಹೇಗೂ ಜಿಲ್ಲೆಯ ಅಂಕಿ ತರಿಸಿಕೊಳ್ಳುತ್ತಾರೆ, ಬಿಟ್ಟದ್ದು ಗೊತ್ತಾದರೆ ಉಳಿದದ್ದನ್ನೂ ನಂಬುವುದಿಲ್ಲ ಎಂಬ ವ್ಯವಹಾರದ ಮಾತು ಕೆಲಸ ಮಾಡಿತು. ಕೊನೆಗೆ ವರದಿಯಲ್ಲಿ ನಿಂತ ಸಾಲುಗಳು ಹೀಗೆ: ಕಾಯಿಲೆ ಬರುವುದನ್ನು ನಾವು ತಗ್ಗಿಸಿದ್ದೇವೆ ಎನ್ನಲು ಆಧಾರವಿಲ್ಲ. ಎಣ್ಣೆಯ ಬಳಕೆ ನಮ್ಮಿಂದ ಬಹುಕಾಲ ಉಳಿಯುವಂತೆ ಹೆಚ್ಚಲಿಲ್ಲ. ಜ್ವರ ಬಂದವರು ಬೇಗ ಪರೀಕ್ಷೆಗೆ ಬರುವುದು ಹೆಚ್ಚಿದೆ, ಅದರಲ್ಲಿ ನಮ್ಮ ಪಾಲು ಇದೆ ಎಂದು ನಂಬಲು ಕಾರಣಗಳಿವೆ.

ಕಂಪನಿಯ ಪ್ರತಿಕ್ರಿಯೆ ಮಿಶ್ರವಾಗಿತ್ತು. ಅವರ ನಮೂನೆಯಲ್ಲಿ ‘ಫಲಾನುಭವಿಗಳು’ ಎಂಬ ಒಂದು ಕಾಲಂ, ಅದಕ್ಕೊಂದು ದೊಡ್ಡ ಸಂಖ್ಯೆ ಬೇಕು. ಬೀದಿನಾಟಕ ನಿಂತರೆ ಆ ಸಂಖ್ಯೆ ಬಿದ್ದುಹೋಗುತ್ತದೆ. ಅನುದಾನ ಮುಂದುವರಿಯಿತು, ಆದರೆ ಮೊತ್ತ ಕಡಿಮೆಯಾಯಿತು. ಪ್ರಾಮಾಣಿಕವಾಗಿ ಅಳೆದವರಿಗೆ ಬಹುಮಾನ ಕಾದಿರುತ್ತದೆ ಎಂದು ಈ ಪ್ರಕರಣ ಹಿಡಿದು ಯಾರಿಗೂ ಹೇಳಲಾರೆ.

ಬೀದಿನಾಟಕ, ಕರಪತ್ರ ಎರಡನ್ನೂ ಕೈಬಿಟ್ಟು ಆ ಹಣ ಫೋನ್ ಮತ್ತು ಗಾಡಿಗೆ ಹೋಯಿತು. ಊರ ಸಭೆ ನಿಂತಿದೆ. ಕಾರ್ಯಕರ್ತೆಯರು ಈಗ ಸಂಜೆ ಅಡಿಕೆ ಸುಲಿಯುವಲ್ಲಿಗೇ ಹೋಗಿ, ತಾವೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂರುತ್ತಾರೆ. ಹಾಜರಿ ಪುಸ್ತಕ ಒಯ್ಯುವುದಿಲ್ಲ. ಎಣ್ಣೆಯ ಬಗ್ಗೆ ಏನು ಮಾಡುವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಕಾಲು ಮುಚ್ಚುವ ಬಟ್ಟೆ ಮತ್ತು ಬಂದ ಕೂಡಲೇ ಸ್ನಾನ, ಈ ಎರಡನ್ನೇ ಹಿಡಿಯೋಣ ಎಂದು ಒಬ್ಬ ಕಾರ್ಯಕರ್ತೆ. ಎಣ್ಣೆಯನ್ನು ಮೈಗಿಂತ ಬಟ್ಟೆಯ ಅಂಚಿಗೆ ಹಚ್ಚಿಸಿ ನೋಡೋಣ, ಆದರೆ ಮೊದಲು ವೈದ್ಯಾಧಿಕಾರಿಗಳನ್ನು ಕೇಳೋಣ ಎಂದು ಇನ್ನೊಬ್ಬಳು. ಯಾವುದಾದರೂ ಸರಿ, ಊರಿನ ಸರದಿಗೆ ಚೀಟಿ ಎತ್ತುವುದನ್ನು ಬಿಡುವುದಿಲ್ಲ ಎಂದು ಇಬ್ಬರೂ ಹೇಳಿದ್ದಾರೆ. ಅದಕ್ಕೆ ಅವರು ಕೊಟ್ಟ ಕಾರಣ ಅಳತೆಗೆ ಸಂಬಂಧಿಸಿದ್ದಲ್ಲ. ಚೀಟಿ ಬಂದ ಮೇಲೆ ಯಾವ ಊರಿನವರೂ ಫೋನ್ ಮಾಡಿ ಮೊದಲು ನಮ್ಮಲ್ಲಿಗೆ ಬನ್ನಿ ಎಂದು ಜಗಳ ಆಡುವುದಿಲ್ಲವಂತೆ.